ಅಕ್ವೇರಿಯಂನ ಅಡ್ಡಪಟ್ಟಿ ಮುರಿದಿದೆ, ಅಂಟಿಸಿದರೆ ಸಾಕಾ?

ಓದುಗರ ಪ್ರಶ್ನೆ: ನಮ್ಮ ಮನೆಯಲ್ಲಿ ನಾಲ್ಕಡಿ ಉದ್ದದ ಗಾಜಿನ ಅಕ್ವೇರಿಯಂ ಇದೆ. ಅಗಲ, ಎತ್ತರ ಎರಡೂ ಒಂದೂವರೆ ಅಡಿ. ಮೇಲ್ಗಡೆ ನಡುಮಧ್ಯದಲ್ಲಿ ಮುಂದಿನ ಗಾಜಿನಿಂದ ಹಿಂದಿನ ಗಾಜಿಗೆ ಅಡ್ಡಲಾಗಿದ್ದ ಪಟ್ಟಿ ಎರಡು ತುಂಡಾಗಿದೆ. ನೀರೇನೂ ಸೋರುತ್ತಿಲ್ಲ. ಹಾಗೇ ಬಿಡಬಹುದಾ? ಇಲ್ಲ ಫೆವಿಕ್ವಿಕ್ ಹಾಕಿ ಅಂಟಿಸಿದರೆ ಸಾಕಾ?

ಎರಡೂ ಬೇಡ. ಮುಂದಕ್ಕೆ ಓದುವ ಮೊದಲು ಹೀಟರ್ ಪ್ಲಗ್ ತೆಗೆದು, ಅದು ಆರಲು ಹತ್ತು ಹದಿನೈದು ನಿಮಿಷ ಬಿಟ್ಟು, ಅರ್ಧ ನೀರು ಹೊರಗೆ ತೆಗೆಯಿರಿ. ಮಿಕ್ಕಿದ್ದನ್ನು ನಿಧಾನವಾಗಿ ಮಾತಾಡೋಣ.

ಅರ್ಧ ನೀರು ತೆಗೆದರೆ ಏನಾಗುತ್ತೆ ಗೊತ್ತಾ? ಗಾಜಿನ ಮೇಲಿನ ಬಲ ಅರ್ಧಕ್ಕಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ನೀರಿನ ಆಳ ಕಮ್ಮಿಯಾದಾಗ ತಳದ ಒತ್ತಡವೂ ಕಮ್ಮಿ, ನೀರು ತಾಗುವ ಜಾಗವೂ ಕಮ್ಮಿ. ಎರಡೂ ಸೇರಿ ಕೆಲಸ ಮಾಡುತ್ತವೆ. ನಿಮ್ಮ ಟ್ಯಾಂಕ್ ಅಂಚಿನವರೆಗೆ ತುಂಬಿದ್ದರೆ ಸುಮಾರು 255 ಲೀಟರ್ ನೀರು. ಮುಂದಿನ ಗಾಜೊಂದರ ಮೇಲೇ ಸುಮಾರು 125 ಕೆಜಿ ತೂಕದಷ್ಟು ತಳ್ಳು ಇರುತ್ತದೆ. ಅರ್ಧಕ್ಕೆ ಇಳಿಸಿದರೆ ಅದು 32 ಕೆಜಿ ಆಸುಪಾಸು. ಟ್ಯಾಂಕಿನ ಅಗಲ ಎಷ್ಟೇ ಇರಲಿ, ಈ ಲೆಕ್ಕ ಬದಲಾಗುವುದಿಲ್ಲ. ಉದ್ದ ಮತ್ತು ನೀರಿನ ಎತ್ತರ ಮಾತ್ರ ಮುಖ್ಯ.

ಗಾಜಿನ ಕೆಳಗಿನ ಅಂಚು ತಳಕ್ಕೆ ಅಂಟಿಕೊಂಡಿದೆ, ಎರಡು ಪಕ್ಕದ ಅಂಚುಗಳು ಪಕ್ಕದ ಗಾಜಿಗೆ ಅಂಟಿಕೊಂಡಿವೆ. ಮೇಲಿನ ಅಂಚಿಗೆ ಯಾವ ಆಧಾರವೂ ಇಲ್ಲ. ಹಾಗಾಗಿ ಮೇಲ್ಭಾಗದ ನಡುವೆ ಗಾಜು ಹೊಟ್ಟೆ ಬಿಡುತ್ತದೆ. ಮುಂದಿನ ಗಾಜು ಮುಂದಕ್ಕೆ, ಹಿಂದಿನದು ಹಿಂದಕ್ಕೆ. ಇಬ್ಬರನ್ನೂ ಹಿಡಿದು ನಿಲ್ಲಿಸುತ್ತಿದ್ದದ್ದೇ ಆ ಅಡ್ಡಪಟ್ಟಿ. ಅದು ಹೋದ ಮೇಲೆ ಭಾರವೆಲ್ಲ ಮೂಲೆಗಳಲ್ಲಿ ಗಾಜನ್ನು ಅಂಟಿಸಿರುವ ಸಿಲಿಕೋನ್ ಮೇಲೆ ಬೀಳುತ್ತದೆ. ಇವತ್ತು ಸೋರುತ್ತಿಲ್ಲ ಅಂದರೆ ನಾಳೆಯೂ ಸೋರಲ್ಲ ಅಂತ ಅಲ್ಲ. ಸಿಲಿಕೋನ್ ರಬ್ಬರಿನಂಥದ್ದು, ಸುಮಾರು ಹೊತ್ತು ಎಳೆಸಿಕೊಂಡು ಕೂತಿರುತ್ತದೆ.

ಮುರಿದ ಪಟ್ಟಿಯನ್ನು ಮತ್ತೆ ಜೋಡಿಸುವ ಆಸೆ ಬಿಡಿ. ಫೆವಿಕ್ವಿಕ್ ಥರದ ಅಂಟು ಗಟ್ಟಿಯಾದ ಮೇಲೆ ಪೆಡಸು, ಬಾಗಲ್ಲ. ಸದಾ ತೇವ ಇರುವ ಕಡೆ ಬಾಳಲ್ಲ. ಹೊಸ ಪಟ್ಟಿಯೇ ಬೇಕು. ಒಂದು ವಿನಾಯಿತಿ ಉಂಟು: ಗಾಜು ಒಡೆದಿಲ್ಲ, ಅಂಟು ಬಿಟ್ಟು ಕಳಚಿಕೊಂಡಿದೆ ಅಷ್ಟೇ ಅಂದರೆ ಅದೇ ಪಟ್ಟಿಯನ್ನು ತೊಳೆದು ಬಳಸಬಹುದು. ಮನೆ ಬದಲಾಯಿಸುವಾಗ ಟ್ಯಾಂಕನ್ನು ಆ ಪಟ್ಟಿ ಹಿಡಿದು ಎತ್ತುವುದರಿಂದಲೇ ಜಾಸ್ತಿ ಕಳಚಿಕೊಳ್ಳುತ್ತವೆ.

ಇನ್ನು ಪರೀಕ್ಷೆ. ಅರ್ಧ ನೀರಿರುವಾಗಲೇ ಟೇಪ್ ತೆಗೆದುಕೊಂಡು ಮುಂದಿನ ಗಾಜಿಗೂ ಹಿಂದಿನ ಗಾಜಿಗೂ ನಡುವಿನ ಅಂತರವನ್ನು ಎಡ ತುದಿ, ನಡು, ಬಲ ತುದಿಯಲ್ಲಿ ಅಳೆದು ಬರೆದಿಡಿ. ಮರುದಿನ ಮತ್ತೆ ಅಳೆಯಿರಿ. ನಡುವಿನ ಅಳತೆ ಹೆಚ್ಚಿದ್ದರೆ ಪೂರ್ತಿ ಖಾಲಿ ಮಾಡಿ. ಜೊತೆಗೆ ಟಾರ್ಚ್ ಹಿಡಿದು ನಾಲ್ಕು ಮೂಲೆಗಳ ಸಿಲಿಕೋನ್ ನೋಡಿ, ಅದರಲ್ಲೂ ಮೇಲಿನ ಅರ್ಧವನ್ನು. ಗಾಜಿಗೂ ಸಿಲಿಕೋನ್‌ಗೂ ನಡುವೆ ಬೆಳ್ಳಗಿನ ಗೆರೆ ಕಂಡರೆ ಅಥವಾ ಉಗುರು ತಾಗಿಸಿದರೆ ಏಳುವಂತಿದ್ದರೆ ಅಂಟು ಬಿಡುತ್ತಿದೆ ಅಂತಲೇ ಅರ್ಥ. ಆಗ ಪಟ್ಟಿ ಹಾಕಿ ಪ್ರಯೋಜನವಿಲ್ಲ, ಟ್ಯಾಂಕನ್ನೇ ಬಿಚ್ಚಿ ಮತ್ತೆ ಕಟ್ಟಿಸಬೇಕು. ಮುಖ್ಯ ಗಾಜಿನಲ್ಲೇ ಬಿರುಕಿದ್ದರೂ ಅಷ್ಟೇ. ಎರಡಡಿ ಎತ್ತರದ ಟ್ಯಾಂಕ್ ಆಗಿದ್ದರೆ ನಾನಂತೂ ಮನೆಯಲ್ಲಿ ಕೈ ಹಾಕು ಅನ್ನಲ್ಲ, ಕಟ್ಟುವವರನ್ನೇ ಕರೆಸಿ.

ಮೂಲೆಗಳು ಚೆನ್ನಾಗಿವೆ ಅಂದುಕೊಳ್ಳೋಣ. ಗಾಜಿನ ಅಂಗಡಿಯಲ್ಲಿ ಟ್ಯಾಂಕಿನಷ್ಟೇ ದಪ್ಪದ ಗಾಜು ಕೊಯ್ಸಿ. 8 ಮಿ.ಮೀ. ಇದ್ದರೆ 8, ಅದಕ್ಕಿಂತ ತೆಳು ಬೇಡ. ಅಂಚುಗಳನ್ನು ಪಾಲಿಶ್ ಮಾಡಿಸಿ, ಇಲ್ಲದಿದ್ದರೆ ಮೀನಿಗೆ ಆಹಾರ ಹಾಕುವಾಗ ಕೈ ಕೊಯ್ಯುತ್ತದೆ.

ಈಗ ಬರುವುದೇ ಅಸಲು ವಿಷಯ: ಪಟ್ಟಿ ಎಲ್ಲಿಗೆ ಅಂಟಬೇಕು? ಹತ್ತು ಸೆಂ.ಮೀ. ಅಗಲದ ಪಟ್ಟಿಯನ್ನು ಎರಡು ಗೋಡೆಗಳ ಮಧ್ಯೆ ಸಿಗಿಸಿ ಬರೀ ಅಂಚಿಗೆ ಅಂಟಿಸಿದರೆ ಅಂಟು ಹಿಡಿಯುವ ಜಾಗ ಒಂದೊಂದು ತುದಿಗೆ 8 ಚದರ ಸೆಂ.ಮೀ. ಮಾತ್ರ. ಅದರ ಬದಲು ಮುಂದೆ, ಹಿಂದೆ ಎರಡೂ ಗಾಜಿನ ಉದ್ದಕ್ಕೂ ಐದಾರು ಸೆಂ.ಮೀ. ಅಗಲದ ಪಟ್ಟಿಯನ್ನು ಮಲಗಿಸಿ ಅಂಟಿಸಿ, ಅವುಗಳ ಮೇಲೆ ಅಡ್ಡಪಟ್ಟಿಯನ್ನು ಐದು ಸೆಂ.ಮೀ. ಹತ್ತಿಸಿ ಕೂರಿಸಿದರೆ ಅದೇ ಜಾಗ 50 ಚದರ ಸೆಂ.ಮೀ. ಆಗುತ್ತದೆ. ಉದ್ದ ಪಟ್ಟಿಗಳು ಮೇಲಿನ ಅಂಚನ್ನು ಬೇರೆ ಗಟ್ಟಿ ಮಾಡುತ್ತವೆ. ಇದಕ್ಕೇ ಟ್ಯಾಂಕ್ ಕಟ್ಟುವವರು ಯೂರೋ ಬ್ರೇಸ್ ಅನ್ನೋದು. ನಿಮ್ಮಲ್ಲಿ ಅವು ಇಲ್ಲದಿದ್ದರೆ ಈಗಲೇ ಹಾಕಿಸಿಕೊಳ್ಳಿ. ಖರ್ಚು ಸ್ವಲ್ಪ ಜಾಸ್ತಿಯಾಗುತ್ತೆ, ಆಗಲಿ.

ಕೆಲಸದ ದಿನ ಮೀನುಗಳನ್ನು ದೊಡ್ಡ ಟಬ್‌ಗೆ ಅದೇ ನೀರಿನ ಜೊತೆ ಹಾಕಿ, ಏರ್ ಪಂಪ್ ಇಟ್ಟು, ಮೇಲೆ ಬಲೆ ಮುಚ್ಚಿ. ಫಿಲ್ಟರ್ ಸ್ಪಂಜನ್ನು ನಲ್ಲಿ ನೀರಲ್ಲಿ ತೊಳೆಯಬೇಡಿ, ಒಣಗಲೂ ಬಿಡಬೇಡಿ. ಮೀನಿನ ಕೊಳೆಯಿಂದ ಬರುವ ಅಮೋನಿಯಾ ತೆಗೆಯುವ ಬ್ಯಾಕ್ಟೀರಿಯಾ ಅದರಲ್ಲೇ ಇರೋದು. ಫಿಲ್ಟರನ್ನು ಆ ಟಬ್‌ನಲ್ಲೇ ಓಡಿಸಿದರೆ ಒಳ್ಳೆಯದು.

ಹಳೆ ಸಿಲಿಕೋನನ್ನು ಬ್ಲೇಡಿನಿಂದ ಪೂರ್ತಿ ಕೆರೆಯಬೇಕು. ಹೊಸ ಸಿಲಿಕೋನ್ ಒಣಗಿದ ಹಳೆ ಸಿಲಿಕೋನ್ ಮೇಲೆ ಸರಿಯಾಗಿ ಹಿಡಿಯಲ್ಲ. ಆದರೆ ಬ್ಲೇಡ್ ಮೂಲೆಯ ಸಿಲಿಕೋನ್‌ಗೆ ತಾಗದಿರಲಿ. ಕೆರೆದ ಜಾಗವನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಆಮೇಲೆ ಬೆರಳು ಮುಟ್ಟಿಸಬೇಡಿ. ಕೈಯ ಎಣ್ಣೆ ಸಾಕು ಅಂಟು ಕೆಡಿಸೋಕೆ. ಸಿಲಿಕೋನ್ ಟ್ಯೂಬ್ ಮೇಲೆ ಅಕ್ವೇರಿಯಂಗೆ ಅಂತಲೇ ಬರೆದಿರಬೇಕು. ಬಾತ್‌ರೂಮ್‌ಗೆ ಮಾರುವ ಬೂಷ್ಟು ನಿರೋಧಕ ಸಿಲಿಕೋನ್ ಬೇಡ, ಅದರಲ್ಲಿರುವ ಔಷಧಿ ಮೀನಿಗೆ ವಿಷ.

ಖಾಲಿ ಟ್ಯಾಂಕಿನ ಗಾಜು ತಾನಾಗೇ ನೇರಕ್ಕೆ ಬರುತ್ತದೆ. ಟೇಪ್ ಹಿಡಿದು ನೋಡಿ, ನಡುವಿನ ಅಳತೆ ತುದಿಗಳಷ್ಟೇ ಇರಬೇಕು. ಕೂದಲೆಳೆ ವ್ಯತ್ಯಾಸವಿದ್ದರೆ ಮರದ ತುಂಡು ಕೊಟ್ಟು ಬಾರ್ ಕ್ಲ್ಯಾಂಪ್‌ನಿಂದ (ಎರಡೂ ಕಡೆಯಿಂದ ಒತ್ತಿ ಹಿಡಿಯುವ ಉಪಕರಣ) ಮೆಲ್ಲಗೆ ಬಿಗಿಯಿರಿ, ಅಳತೆ ಕೂಡಿದ ಕೂಡಲೇ ನಿಲ್ಲಿಸಿ. ನೀರು ತುಂಬಿದ್ದಾಗಲೇ ಪಟ್ಟಿ ಅಂಟಿಸುವವರನ್ನು ನೋಡಿದ್ದೇನೆ. ಅದು ಹೊಟ್ಟೆ ಬಿಟ್ಟ ಗಾಜನ್ನು ಹೊಟ್ಟೆ ಬಿಟ್ಟಂತೆಯೇ ಕಟ್ಟಿಹಾಕಿದ ಹಾಗೆ. ಮೂಲೆಗಳ ಮೇಲಿನ ಎಳೆತ ಒಂದಿಷ್ಟೂ ತಗ್ಗಲ್ಲ.

ಪಟ್ಟಿ ಒತ್ತುವಾಗ ಸಿಲಿಕೋನ್ ಪೂರಾ ಹೊರಗೆ ಹಿಂಡಿ ಬರಬಾರದು, ಒಂದು ಒಂದೂವರೆ ಮಿ.ಮೀ. ಪದರ ಒಳಗೆ ಉಳಿಯಬೇಕು. ಕಾಲು ಗಂಟೆಯಲ್ಲಿ ಮೇಲೆ ತೆಳ್ಳಗೆ ಕೆನೆ ಕಟ್ಟುತ್ತದೆ, ಸಿಲಿಕೋನ್ ಆಚೀಚೆ ಹರಡದಿರಲಿ ಅಂತ ಅಂಚಿಗೆ ಮೊದಲೇ ಮಾಸ್ಕಿಂಗ್ ಟೇಪ್ ಅಂಟಿಸಿದ್ದರೆ ಅಷ್ಟರೊಳಗೆ ಕಿತ್ತುಬಿಡಿ.

ಆಮೇಲೆ ಕಾಯುವುದು. ಟ್ಯೂಬ್ ಮೇಲೆ 24 ಗಂಟೆ ಅಂತ ಬರೆದಿರಬಹುದು, ನಂಬಬೇಡಿ. ಈ ಸಿಲಿಕೋನ್ ಗಾಳಿಯ ತೇವಾಂಶ ಹೀರಿಕೊಂಡು ಗಟ್ಟಿಯಾಗುವುದು. ತೆರೆದ ಜಾಗದಲ್ಲಿ ದಿನಕ್ಕೆ ಎರಡು ಮೂರು ಮಿ.ಮೀ. ಒಳಕ್ಕೆ ಹೋಗುತ್ತದೆ, ಬರಬರುತ್ತಾ ಇನ್ನೂ ನಿಧಾನ. ನಿಮ್ಮ ಜೋಡಣೆ ಐದು ಸೆಂ.ಮೀ. ಅಗಲ, ಎರಡೂ ಕಡೆ ಗಾಜು. ಗಾಳಿ ಒಳಹೋಗುವುದು ಅಂಚಿನಿಂದ ಮಾತ್ರ. ಎರಡು ವಾರ ಇಟ್ಟುಕೊಳ್ಳಿ. ಮಳೆಗಾಲದ ಮಂಗಳೂರಿನಲ್ಲಿ ಸ್ವಲ್ಪ ಬೇಗ ಆದೀತು. ಬೇಸಿಗೆಯ ಕಲಬುರಗಿಯ ಒಣಗಾಳಿಯಲ್ಲಿ ಇನ್ನೂ ನಾಲ್ಕು ದಿನ ಸೇರಿಸಿ. ಮೂಗು ಹತ್ತಿರ ತಂದಾಗ ವಿನೆಗರ್ ವಾಸನೆ ಬರುತ್ತಿದ್ದರೆ ಇನ್ನೂ ಆಗಿಲ್ಲ.

ತುಂಬುವಾಗ ಮೊದಲು ಅರ್ಧ, ಮರುದಿನ ಮುಕ್ಕಾಲು, ಅದರ ಮರುದಿನ ಉಳಿದದ್ದು. ಪ್ರತಿ ಸಲ ಟೇಪ್ ಹಿಡಿದು ನಡುವಿನ ಅಳತೆ ನೋಡಿ. ಪೂರ್ತಿ ಅಂಚಿಗೆ ತುಂಬಬೇಡಿ. ಐದು ಸೆಂ.ಮೀ. ಕೆಳಗೇ ನಿಲ್ಲಿಸಿದರೆ ಬಲದಲ್ಲಿ ಐದನೇ ಒಂದು ಭಾಗ ಬಿಟ್ಟಿಯಾಗಿ ಕಮ್ಮಿಯಾಗುತ್ತದೆ.

ಕೊನೆಗೆ, ಮೇಲೆ ಪ್ಲಾಸ್ಟಿಕ್ ಫ್ರೇಮ್ ಇರುವ ರೆಡಿಮೇಡ್ ಟ್ಯಾಂಕ್‌ನವರೂ ಇದೇ ಪ್ರಶ್ನೆ ಕೇಳುತ್ತಾರೆ. ಅಲ್ಲಿ ಮುರಿದ ಪ್ಲಾಸ್ಟಿಕ್ ಪಟ್ಟಿಗೆ ಸಿಲಿಕೋನ್ ಮೆತ್ತಿ ಉಪಯೋಗವಿಲ್ಲ, ಪ್ಲಾಸ್ಟಿಕ್‌ಗೆ ಅದು ಭದ್ರವಾಗಿ ಹಿಡಿಯಲ್ಲ. ಒಂದೋ ಫ್ರೇಮನ್ನೇ ಬದಲಾಯಿಸಿ, ಇಲ್ಲವೇ ಫ್ರೇಮಿನ ಕೆಳಗೆ ಗಾಜಿಗೇ ಅಂಟುವಂತೆ ಮೇಲೆ ಹೇಳಿದ ಹಾಗೆ ಗಾಜಿನ ಪಟ್ಟಿಗಳನ್ನು ಹಾಕಿಸಿ.