ಮೂಗರ್ಜಿಗೂ ಓಟಿಪಿ ಕೇಳುವ ಕಾಲ

ಹಾಸನದ ಕಚೇರಿಗಳಿಗೆ ಮೂಗರ್ಜಿ ಹೊಸದೇನಲ್ಲ. ಎಡಗೈಯಲ್ಲಿ ಬರೆದು, ಊರಿನ ಅಂಚೆ ಮುದ್ರೆ ಬಿದ್ದರೆ ಸುಳಿವು ಸಿಕ್ಕೀತೆಂದು ಅರಸೀಕೆರೆವರೆಗೆ ಹೋಗಿ ಡಬ್ಬಿಗೆ ಹಾಕಿ ಬರುತ್ತಿದ್ದವರನ್ನು ನಾನೇ ಬಲ್ಲೆ. ಕಳಿಸಿದವರ ಹೆಸರಿಲ್ಲವೆಂದು ಅಂಚೆಯವರು ಕಾಗದ ತಡೆಯುತ್ತಿರಲಿಲ್ಲ. ಅದೇ ಅರ್ಜಿ ಇಮೇಲಿನಲ್ಲಿ ಹೋಗಬೇಕೆಂದರೆ ಮಾತ್ರ ಕಾನೂನು ಗೋಜಲು.

ಸಂದೇಶ ತಡೆದು ನೋಡುವ ಅಧಿಕಾರ 1885ರ ಟೆಲಿಗ್ರಾಫ್ ಕಾಯ್ದೆಯಲ್ಲೇ ಇತ್ತು. ಅದಕ್ಕೆ ಗೃಹ ಕಾರ್ಯದರ್ಶಿ ಮಟ್ಟದ ಆದೇಶ ಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1996ರಲ್ಲಿ. 2008ರ ತಿದ್ದುಪಡಿ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯಲ್ಲೂ ಇಂಥದೇ ಅಧಿಕಾರವನ್ನು ವಿಸ್ತರಿಸಿತು.

ನಮ್ಮ ಕಣ್ಣಿಗೆ ಕಾನೂನು ಬಿದ್ದದ್ದು ಸೈಬರ್ ಕೆಫೆಯಲ್ಲಿ. 2011ರ ನಿಯಮದ ಪ್ರಕಾರ ಗುರುತಿನ ಚೀಟಿ ತೋರಿಸಬೇಕು, ಬಂದ ಹೋದ ಹೊತ್ತು ಬರೆಯಬೇಕು, ಆ ದಾಖಲೆ ಒಂದು ವರ್ಷ ಇರಬೇಕು, ಅಡ್ಡಗೋಡೆ ನಾಲ್ಕೂವರೆ ಅಡಿ ಮೀರಬಾರದು. ಬಿ.ಎಂ. ರಸ್ತೆಯ ಕೆಫೆಯೊಂದರಲ್ಲಿ ಉದ್ದನೆಯ ನೋಟ್‌ಬುಕ್ಕಿಗೆ ದಾರದಲ್ಲಿ ಪೆನ್ನು ಕಟ್ಟಿರುತ್ತಿತ್ತು. ಮೇಲಿನವರು ಬರೆದ ವಿಳಾಸದ ಕೆಳಗೆ 'ಸದರಿ' ಎಂದು ಗೀಚಿ ಒಳಗೆ ಹೋಗುತ್ತಿದ್ದೆವು. ಆ ಪುಸ್ತಕವನ್ನು ಯಾರಾದರೂ ತಿರುವಿ ಹಾಕಿದ್ದನ್ನು ನಾನಂತೂ ನೋಡಲಿಲ್ಲ. ಕೆಫೆ ಮುಚ್ಚಿ ಮೊಬೈಲ್ ಬಂತು, ನೋಟ್‌ಬುಕ್ಕಿನ ಜಾಗಕ್ಕೆ ಸಿಮ್ ಬಂತು. ಸಿಮ್ಮಿಗೆ ಆಧಾರ್, ಇಮೇಲಿಗೆ ಸಿಮ್ಮಿನ ಓಟಿಪಿ.

ಓಟಿಪಿ ಕೇಳದ ಸೇವೆಗಳೂ ಇವೆ. ಸ್ವಿಟ್ಜರ್ಲೆಂಡಿನ ಪ್ರೋಟಾನ್ ಮೇಲ್ ಅಂಥದ್ದು. ಪತ್ರ ಬೀಗ ಬಿದ್ದೇ ಸಂಗ್ರಹವಾಗುವುದರಿಂದ ಒಳಗಿರುವುದನ್ನು ಕಂಪನಿಯೂ ಓದಲಾರದು. ಕೈಯಲ್ಲಿರುವ ಅಲ್ಪಸ್ವಲ್ಪ ಮಾಹಿತಿ ಕೊಡಲೂ ಅದಕ್ಕೆ ಸ್ವಿಸ್ ಸರ್ಕಾರದ ಆದೇಶ ಬೇಕು. ನಮ್ಮ ಪೊಲೀಸರು ಆ ಸುತ್ತುದಾರಿ ಹಿಡಿದು ಹೋಗುವಷ್ಟರಲ್ಲಿ ತಿಂಗಳುಗಳೇ ಕಳೆದಿರುತ್ತವೆ. ಬಾಂಬ್ ಬೆದರಿಕೆಯ ಹುಸಿ ಇಮೇಲುಗಳು ಬರತೊಡಗಿದ ಮೇಲೆ ಸಹನೆ ಕೆಟ್ಟಿತು. 2023ರ ಡಿಸೆಂಬರ್ 1ರಂದು ಬೆಂಗಳೂರಿನ 40ಕ್ಕೂ ಹೆಚ್ಚು ಶಾಲೆಗಳಿಗೆ ಒಟ್ಟಿಗೇ ಬೆದರಿಕೆ ಬಂದಾಗ ಹೆತ್ತವರು ಓಡಿದ ಓಟ ನೆನೆದರೆ, ಸರ್ಕಾರದ ಸಿಟ್ಟು ಅರ್ಥವಾಗದ್ದೇನಲ್ಲ. ಅಶ್ಲೀಲ ಇಮೇಲಿನ ಬೇರೊಂದು ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ 2025ರ ಏಪ್ರಿಲಿನಲ್ಲಿ ಪ್ರೋಟಾನ್ ಮೇಲ್ ನಿರ್ಬಂಧಿಸುವಂತೆ ಕೇಂದ್ರಕ್ಕೆ ಸೂಚಿಸಿತು. ಬೆದರಿಕೆ ಹಾಕುವವನು ಮರುದಿನವೇ ಇನ್ನೊಂದು ಸೇವೆ ಹುಡುಕಿಕೊಳ್ಳುತ್ತಾನೆ. ಗ್ರಾಮ ಪಂಚಾಯಿತಿಯ ಬಿಲ್ಲಿನ ಬಗ್ಗೆ ದೂರು ಬರೆಯುವವನಿಗೆ ಅಷ್ಟೆಲ್ಲ ಗೊತ್ತಾಗುವುದಿಲ್ಲ.

ಇನ್ನು ದೂರಸಂಪರ್ಕ ಕಾಯ್ದೆ. 2022ರ ಕರಡಿನಲ್ಲಿ ದೂರಸಂಪರ್ಕ ಸೇವೆಗಳ ಪಟ್ಟಿಯೊಳಗೆ ಇಮೇಲಿನ ಹೆಸರೇ ಇತ್ತು. 2023ರ ಕಾಯ್ದೆಯಲ್ಲಿ ಆ ಪಟ್ಟಿ ಮಾಯವಾಯಿತು. ಆದರೆ 'ಸಂದೇಶ' ಎಂಬುದರ ವ್ಯಾಖ್ಯಾನ ಎಷ್ಟು ಅಗಲವಾಗಿದೆಯೆಂದರೆ ಪಠ್ಯ, ಚಿತ್ರ, ದತ್ತಾಂಶ ಎಲ್ಲವೂ ಅದರಲ್ಲಿ ಹಿಡಿಸುತ್ತವೆ. ತಡೆದ ಸಂದೇಶವನ್ನು ಅರ್ಥವಾಗುವ ರೂಪದಲ್ಲಿ ಕೊಡಿ ಎಂದು ಕೇಳುವ 20ನೇ ಸೆಕ್ಷನ್ 2024ರ ಜೂನ್ 26ರಿಂದ ಜಾರಿಯಲ್ಲಿದೆ. ಬೀಗದ ಕೈ ಕಂಪನಿಯ ಬಳಿಯೇ ಇಲ್ಲದಿದ್ದರೆ ಏನು ಮಾಡಬೇಕೆಂದು ಅದರಲ್ಲಿ ಹೇಳಿಲ್ಲ.

2025ರ ಅಕ್ಟೋಬರಿನಲ್ಲಿ ದೂರಸಂಪರ್ಕ ಸೈಬರ್ ಭದ್ರತಾ ನಿಯಮಗಳಿಗೆ ಬಂದ ತಿದ್ದುಪಡಿ ಇನ್ನೊಂದು ಬಾಗಿಲು ತೆರೆದಿದೆ. ಫೋನ್ ನಂಬರಿನಿಂದ ಗ್ರಾಹಕರನ್ನು ಗುರುತಿಸುವ ಸಂಸ್ಥೆಗಳೂ ಈಗ ಅದರ ವ್ಯಾಪ್ತಿಗೆ ಬರುತ್ತವೆ. ನಂಬರ್ ಕೇಳುವ ಇಮೇಲ್ ಸೇವೆ ಹೀಗೆ ಒಳಗಾದರೆ, ನಂಬರನ್ನೇ ಕೇಳದ ಸೇವೆ ಹೊರಗೇ ಉಳಿಯುತ್ತದೆ.