ತಂತಿ ಒಪ್ಪಿತು, ತಾರೀಖು ಒಪ್ಪಲಿಲ್ಲ

ಹನುಮಂತನಗರದ ನಮ್ಮ ದೊಡ್ಡಪ್ಪನ ಮನೆಯಲ್ಲಿ ಕಂಪ್ಯೂಟರ್ ಆನ್ ಮಾಡುವುದಕ್ಕೆ ಒಂದು ಕ್ರಮವಿದೆ. ಮೊದಲು ಗೋಡೆಯ ಸ್ವಿಚ್. ಆಮೇಲೆ ಸಿಪಿಯು ಡಬ್ಬದ ಗುಂಡಿ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಬಂದು ನಿಂತಾಗ ಎಫ್‌1 ಒತ್ತಬೇಕು. ‘ಅದು ಹಂಗೇ ಕಣೋ, ಎಫ್‌1 ಒತ್ತಿದ್ರೇನೇ ಎದ್ದೇಳೋದು’ ಅನ್ನುತ್ತಾರೆ. ಐದಾರು ವರ್ಷದಿಂದ ಹೀಗೇ ಒತ್ತುತ್ತಿದ್ದಾರೆ. ಆ ಬಿಳಿ ಅಕ್ಷರ ಏನು ಹೇಳುತ್ತಿದೆ ಅಂತ ಮನೆಯಲ್ಲಿ ಯಾರೂ ಓದಿರಲಿಲ್ಲ. ನಾನೂ ಓದಿರಲಿಲ್ಲ.

2008ರಲ್ಲಿ ಬೆಂಗಳೂರಿನ ಕಂಪ್ಯೂಟರ್ ಸಾಮಾನಿನ ಪೇಟೆ ಎಸ್‌.ಪಿ. ರೋಡಿನಲ್ಲಿ ಜೋಡಿಸಿ ತಂದ ಯಂತ್ರ ಅದು. ಕೋರ್ 2 ಡ್ಯುಯೊ ಪ್ರೊಸೆಸರ್, 1 ಜಿಬಿ ರ‍್ಯಾಮ್, ವಿಂಡೋಸ್ ಎಕ್ಸ್‌ಪಿ. ರಿಟೈರ್ ಆದ ಮೇಲೆ ದೊಡ್ಡಪ್ಪ ವಂಶವೃಕ್ಷ, ಊರಿನ ನೆನಪು, ಬಡಾವಣೆ ಸಂಘದ ಪತ್ರ ಎಲ್ಲವನ್ನೂ ಅದರಲ್ಲೇ ‘ನುಡಿ’ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟಿದ್ದಾರೆ. ಹಳೇ ಲ್ಯಾಂಡ್‌ಲೈನ್ ಬ್ರಾಡ್‌ಬ್ಯಾಂಡ್ ತೆಗೆಸಿ ವರ್ಷಗಳಾಗಿತ್ತು. ಈಗ ಮನೆಗೆ ಫೈಬರ್ ಬಂತು.

ಫೈಬರ್ ಹಾಕಲು ಬಂದ ಹುಡುಗ ಚುರುಕಾಗಿದ್ದ. ಕಂಬದಿಂದ ಕಪ್ಪು ಕೇಬಲ್ ಎಳೆದು, ಸುಲಿದು, ಒಳಗಿನ ಎಳೆಯನ್ನು ಒರೆಸಿ ಕತ್ತರಿಸಿದ. ಕವಚವೂ ಸೇರಿ ಆ ಗಾಜಿನ ಎಳೆ 125 ಮೈಕ್ರೋಮೀಟರ್ ದಪ್ಪ. ಬೆಳಕು ಓಡುವ ನಡುಭಾಗ ಬರೀ 9 ಮೈಕ್ರೋಮೀಟರ್. ಮೀಟರ್ ಇಟ್ಟು ನೋಡಿ, ‘ಪವರ್ ಮೈನಸ್ 19 ಇದೆ ಸರ್, ಸೂಪರ್’ ಅಂದ. ಮೈನಸ್ ಅಂದ ತಕ್ಷಣ ದೊಡ್ಡಪ್ಪನ ಮುಖ ಸಣ್ಣಗಾಯಿತು. ಈ ಲೆಕ್ಕದಲ್ಲಿ ಸೊನ್ನೆ ಅಂದರೆ ಒಂದು ಮಿಲಿವ್ಯಾಟ್. ಹತ್ತು ಇಳಿದರೆ ಅದರ ಹತ್ತನೇ ಒಂದು ಭಾಗ. ಮೈನಸ್ 19 ಅಂದರೆ ಒಂದು ಮಿಲಿವ್ಯಾಟಿನ ಸುಮಾರು ಎಂಬತ್ತನೇ ಒಂದು ಭಾಗ ಬೆಳಕು. ಅಷ್ಟೇ ಸಾಕು, ಮನೆಯೊಳಗೆ ಇಂಟರ್ನೆಟ್ ಹಂಚುವ ರೌಟರ್ ಪೆಟ್ಟಿಗೆಗೆ.

ಹಿಂದೆ ನಮ್ಮ ಬಡಾವಣೆಗಳಲ್ಲಿ ತಾರಸಿಯಿಂದ ತಾರಸಿಗೆ ತಾಮ್ರದ ಲ್ಯಾನ್ ಕೇಬಲ್ ಎಳೆಯುತ್ತಿದ್ದರು, ನೆನಪಿದೆಯಾ? ಮೇ ತಿಂಗಳ ಸಿಡಿಲಿಗೆ ಎಷ್ಟೋ ಮನೆಯ ಲ್ಯಾನ್ ಪೋರ್ಟ್ ಸುಟ್ಟುಹೋಗುತ್ತಿತ್ತು. ಗಾಜು ಕರೆಂಟ್ ಹರಿಸುವುದಿಲ್ಲ, ಆ ಕಾಟ ತಪ್ಪಿತು.

ಹುಡುಗ ತನ್ನ ಮೊಬೈಲಿನಲ್ಲಿ ಸ್ಪೀಡ್ ತೋರಿಸಿ, ಒಳಕೋಣೆಯ ಕಂಪ್ಯೂಟರ್ ಕಡೆ ಒಮ್ಮೆ ನೋಡಿ, ‘ಇದಕ್ಕೆ ಬರಲ್ಲ ಸರ್, ಹೊಸದು ತಗೊಳ್ಳಿ’ ಅಂತ ಹೇಳಿ ಹೊರಟ.

ಬರಲ್ಲ ಅನ್ನುವುದು ತಪ್ಪು. ಬಂತು. ಎಲ್ಲಿಯವರೆಗೆ ಬಂತು ಅನ್ನುವುದೇ ಕಥೆ.

ಆ ಕಂಪ್ಯೂಟರಿಗೆ ವೈಫೈ ಇಲ್ಲ. ಯುಎಸ್‌ಬಿಗೆ ಚುಚ್ಚುವ ವೈಫೈ ಡಾಂಗಲ್ ತಂದೆ, ಅದನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಎಕ್ಸ್‌ಪಿಗೆ ಇರಲಿಲ್ಲ, ವಾಪಸ್ ಕೊಟ್ಟೆ. ಕೊನೆಗೆ ಅಟ್ಟದ ಮೇಲಿನ ಹಳೇ ಲ್ಯಾನ್ ಕೇಬಲ್ ಇಳಿಸಿದೆವು. ಒಂದು ತುದಿಯ ಪ್ಲಗ್ಗಿನಲ್ಲಿ ಕಂದು ಬಣ್ಣದ ಜೋಡಿ ತುಂಡಾಗಿತ್ತು. ಆದರೂ ಚುಚ್ಚಿದೆ. ಹಿಂಬದಿಯ ಹಸಿರು ದೀಪ ಟಕ್ ಅಂತ ಹತ್ತಿತು.

ಇದು ಹೇಗೆ ಅಂತ ಸ್ವಲ್ಪ ನಿಂತು ನೋಡಬೇಕು. ಹೊಸ ರೌಟರಿನ ಪೋರ್ಟ್ ಸೆಕೆಂಡಿಗೆ 1000 ಮೆಗಾಬಿಟ್‌ನದು. ಕಂಪ್ಯೂಟರಿನದು 100. ಕೇಬಲ್ ಚುಚ್ಚಿದ ಕೂಡಲೇ ಎರಡೂ ಕಡೆಯವರು ಡೇಟಾ ಕಳಿಸುವುದಿಲ್ಲ. ಮೊದಲು ಸುಮಾರು 16 ಮಿಲಿಸೆಕೆಂಡಿಗೊಮ್ಮೆ ಪುಟ್ಟ ಮಿಡಿತಗಳ ಗೊಂಚಲು ಕಳಿಸುತ್ತಾರೆ. ‘ನನಗೆ 10 ಬರುತ್ತೆ, 100 ಬರುತ್ತೆ’ ಅಂತ ಇದು. ‘ನನಗೆ 1000ವೂ ಬರುತ್ತೆ’ ಅಂತ ಅದು. ಇಬ್ಬರಿಗೂ ಬರುವುದರಲ್ಲಿ ಜಾಸ್ತಿ ಯಾವುದೋ ಅದಕ್ಕೆ ಒಪ್ಪಿಕೊಳ್ಳುತ್ತಾರೆ. ಇಲ್ಲಿ 100. ಆ ವೇಗಕ್ಕೆ ಎಂಟು ಎಳೆಯಲ್ಲಿ ನಾಲ್ಕೇ ಸಾಕು, 1, 2, 3 ಮತ್ತು 6ನೆಯವು. ಕಂದು ಜೋಡಿ ಇರುವುದು 7 ಮತ್ತು 8ರಲ್ಲಿ. ಹಾಗಾಗಿ ಅದು ತುಂಡಾಗಿದ್ದರೂ ಕಂಪ್ಯೂಟರಿಗೆ ಗೊತ್ತೇ ಆಗಲಿಲ್ಲ. ಹೊಸ ಕಂಪ್ಯೂಟರ್ ಇದ್ದೂ ನಿಮ್ಮ ಮನೆಯ 300 ಎಂಬಿಪಿಎಸ್ ಪ್ಲಾನ್ ತಂತಿಯಲ್ಲಿ 95ರ ಹತ್ತಿರವೇ ಅಂಟಿಕೊಂಡಿದ್ದರೆ, ಕಂಪನಿಗೆ ಫೋನ್ ಮಾಡುವ ಮೊದಲು ಕೇಬಲ್ ಬದಲಾಯಿಸಿ ನೋಡಿ.

ಈ ತಂತಿ ಸಂಪರ್ಕದ ಪದ್ಧತಿಗೆ ಈಥರ್ನೆಟ್ ಅನ್ನುತ್ತಾರೆ. ಅದು 1973ರಲ್ಲಿ ಅಮೆರಿಕದ ಜೆರಾಕ್ಸ್ ಕಂಪನಿಯ ಪ್ರಯೋಗಾಲಯದಲ್ಲಿ ಹುಟ್ಟಿತು. 100ರ ವೇಗ 1995ರಲ್ಲಿ ಬಂತು, ಇದೇ ತಾಮ್ರದ ತಂತಿಯ ಮೇಲೆ 1000 ಬಂದದ್ದು 1999ರಲ್ಲಿ. ಪ್ರತಿ ಸಲ ವೇಗ ಏರಿದಾಗಲೂ ಹಳಬರನ್ನು ಹೊರಗೆ ಹಾಕಲಿಲ್ಲ. ಕೂಡು ಕುಟುಂಬದ ಹಿರಿಯರು ನಿಧಾನಕ್ಕೆ ನಡೆದರೆ ಜೊತೆಗಿದ್ದವರು ಹೆಜ್ಜೆ ಚಿಕ್ಕದು ಮಾಡುತ್ತಾರಲ್ಲ, ಹಾಗೆ.

ದೀಪ ಹತ್ತಿದ ಖುಷಿಯಲ್ಲಿ ದೊಡ್ಡಪ್ಪ ಪರದೆಯ ಮೇಲಿದ್ದ ಹಳೇ ‘ಬ್ರಾಡ್‌ಬ್ಯಾಂಡ್’ ಚಿತ್ರದ ಮೇಲೆ ಎರಡು ಸಲ ಕ್ಲಿಕ್ ಮಾಡಿದರು. ಎರರ್ 678. ಲ್ಯಾಂಡ್‌ಲೈನ್ ಕಾಲದಲ್ಲಿ ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಕಂಪ್ಯೂಟರೇ ಡಯಲ್ ಮಾಡಬೇಕಿತ್ತು. ಈಗ ಆ ಕೆಲಸ ರೌಟರ್ ಮಾಡಿ ಮುಗಿಸಿರುತ್ತದೆ. ನಾವು ಸುಮ್ನೆ ತಂತಿ ಚುಚ್ಚಿದರೆ ರೌಟರ್ ಒಂದು ವಿಳಾಸ ಕೊಡುತ್ತದೆ. 192.168ರಿಂದ ಶುರುವಾಗುವ ವಿಳಾಸ ಬಂದರೆ ಸಾಮಾನ್ಯವಾಗಿ ಎಲ್ಲ ಸರಿ. 169.254 ಅಂತ ಬಂದರೆ ಯಾರೂ ಕೊಟ್ಟಿಲ್ಲ, ಕಂಪ್ಯೂಟರ್ ತಾನೇ ಬರೆದುಕೊಂಡಿದೆ ಅಂತ ಅರ್ಥ. ನಮಗೆ ಮೊದಲನೆಯದು ಬಂತು. 2004ರ ಸರ್ಕಾರಿ ನೀತಿಯ ಪ್ರಕಾರ 256 ಕೆಬಿಪಿಎಸ್ ಇದ್ದರೆ ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳುತ್ತಿತ್ತು. ಅದಕ್ಕಿಂತ ಸುಮಾರು 390 ಪಟ್ಟು ವೇಗ ಈಗ ಈ ಮುದಿ ಡಬ್ಬದ ಬಾಗಿಲಲ್ಲಿ ನಿಂತಿತ್ತು.

ಆದರೆ ಒಂದು ಪುಟವೂ ತೆರೆಯಲಿಲ್ಲ. ಕೆಲವು ಕಡೆ ‘ಈ ಜಾಲತಾಣದ ಸರ್ಟಿಫಿಕೇಟ್ ಸರಿಯಿಲ್ಲ’ ಅನ್ನುವ ತಕರಾರು. ಅರ್ಧ ಗಂಟೆ ಕೇಬಲ್, ರೌಟರ್ ಅಂತ ಒದ್ದಾಡಿದೆ. ದೊಡ್ಡಮ್ಮ ಬಾಗಿಲಲ್ಲಿ ನಿಂತು, ‘ಅದರ ಗಡಿಯಾರಕ್ಕೆ ಸೆಲ್ ಹಾಕ್ಸಿ ಅಂತ ಎಷ್ಟು ಸಲ ಹೇಳಿದೀನಿ, ಯಾವಾಗ್ಲೂ ತಪ್ಪು ಟೈಮು ತೋರ್ಸತ್ತೆ’ ಅಂದರು. ಪರದೆಯ ಬಲಮೂಲೆ ನೋಡಿದೆ. ತಾರೀಖು 1 ಜನವರಿ 2007. ಆ ಎಫ್‌1 ಬಿಳಿ ಅಕ್ಷರವೂ ಇದನ್ನೇ ಹೇಳುತ್ತಿತ್ತು.

ಕಂಪ್ಯೂಟರಿಗೆ ಕರೆಂಟ್ ಇಲ್ಲದಾಗಲೂ ಸಮಯ ಎಣಿಸಲು ಮದರ್‌ಬೋರ್ಡಿನಲ್ಲಿ ಒಂದು ಪುಟ್ಟ ಗಡಿಯಾರವಿದೆ. ಅದರ ಜೀವ ಒಂದು ಬಿಲ್ಲೆ ಸೆಲ್, ಹೆಸರು ಸಿಆರ್2032. ಹೆಸರಿನಲ್ಲೇ ಅಳತೆ ಇದೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಅದರ 3 ವೋಲ್ಟಿನಲ್ಲಿ ಒಂದು ಸ್ಫಟಿಕದ ಚೂರು ಸೆಕೆಂಡಿಗೆ 32,768 ಸಲ ಅದುರುತ್ತದೆ. ಏನಿದು ವಿಚಿತ್ರ ಸಂಖ್ಯೆ ಅಂತೀರಾ? ಅರ್ಧ ಮಾಡುತ್ತಾ ಹೋಗಿ. ಸರಿಯಾಗಿ ಹದಿನೈದನೇ ಸಲಕ್ಕೆ ಒಂದು ಉಳಿಯುತ್ತದೆ. ಅರ್ಧ ಮಾಡುವುದು ಚಿಪ್ಪಿಗೆ ಎಲ್ಲಕ್ಕಿಂತ ಸುಲಭದ ಕೆಲಸ, ಆ ಒಂದೇ ಒಂದು ಸೆಕೆಂಡ್. ಸೆಲ್ ಸತ್ತರೆ ಎಣಿಕೆ ನಿಲ್ಲುತ್ತದೆ, ತಾರೀಖು ಬೋರ್ಡ್ ತಯಾರಾದ ಕಾಲಕ್ಕೆ ಜಾರುತ್ತದೆ.

ತಾರೀಖು ತಪ್ಪಾದರೆ ಇಂಟರ್ನೆಟ್ಟಿಗೇನು? ಇವತ್ತಿನ ಜಾಲತಾಣಗಳು ತಮ್ಮ ಗುರುತಿನ ಚೀಟಿ ತೋರಿಸಿದ ಮೇಲೆಯೇ ಮಾತು ಶುರು ಮಾಡುತ್ತವೆ. ಅದೇ ಸರ್ಟಿಫಿಕೇಟ್. ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅದರಲ್ಲಿ ಬರೆದಿರುತ್ತದೆ. 2020ರಲ್ಲಿ ಅದರ ಆಯಸ್ಸನ್ನು ಹೆಚ್ಚೆಂದರೆ 398 ದಿನಕ್ಕೆ ಇಳಿಸಿದರು, ಈಚೆಗೆ ಅದನ್ನೂ ಇಳಿಸುತ್ತಿದ್ದಾರೆ. 2007ರಲ್ಲಿ ಕೂತ ಕಂಪ್ಯೂಟರಿನ ಕಣ್ಣಿಗೆ ಇಡೀ ಜಗತ್ತಿನ ಚೀಟಿಗಳು ಇನ್ನೂ ಹುಟ್ಟೇ ಇಲ್ಲ. ಅದು ಮೋಸ ಅಂತ ತಿಳಿದು ಬಾಗಿಲು ಹಾಕಿದ್ದರಲ್ಲಿ ತಪ್ಪೇನಿದೆ?

ಪ್ಲಗ್ ಕಿತ್ತು, ಡಬ್ಬದ ಕಬ್ಬಿಣ ಮುಟ್ಟಿ ಮೈಯ ಸ್ಟ್ಯಾಟಿಕ್ ಕಳೆದುಕೊಂಡು, ಕ್ಲಿಪ್ ಸರಿಸಿ ಸೆಲ್ ಬದಲಾಯಿಸಿದೆ. ಮೂವತ್ತು ರೂಪಾಯಿ. ತಾರೀಖು ತಿದ್ದಿದೆ. ಎಫ್‌1 ಮಾಯವಾಯಿತು. ಒಂದೆರಡು ಹಳೇ ಪುಟ ತೆರೆದವು. ಪೇಪರ್, ಬ್ಯಾಂಕ್, ಮೇಲ್ ಯಾವುದೂ ಇಲ್ಲ.

ಈ ಸಲ ತಕರಾರು ಆ ಕಡೆಯಿಂದ. ಮಾತನ್ನು ಗುಟ್ಟಾಗಿಡುವ ಬೀಗಕ್ಕೆ ಟಿಎಲ್‌ಎಸ್ ಅನ್ನುತ್ತಾರೆ. ಎಕ್ಸ್‌ಪಿ ಜೊತೆಗೆ ಬಂದ ಬ್ರೌಸರಿಗೆ ಗೊತ್ತಿರುವುದು 1999ರ 1.0 ಬೀಗ. ಈಗ ನಡೆಯುವುದು 2008ರ 1.2 ಮತ್ತು 2018ರ 1.3. ತಂತಿಯಂತೆ ಇಲ್ಲೂ ಸ್ವಲ್ಪ ಇಳಿದು ಬರಬಹುದಿತ್ತಲ್ಲ? ಮೊದಲು ಹಾಗೇ ಇಳಿಯುತ್ತಿತ್ತು. ಅದನ್ನೇ ಕಳ್ಳರು ಹಿಡಿದುಕೊಂಡರು. ನಡುವೆ ನಿಂತು ‘ಇವನಿಗೆ ಹೊಸ ಬೀಗ ಬರಲ್ಲ, ಹಳೇದು ಹಾಕಿ’ ಅಂತ ಇಬ್ಬರನ್ನೂ ನಂಬಿಸಿ, ಮುರಿಯಲು ಬರುವ ಬೀಗಕ್ಕೆ ಇಳಿಸುತ್ತಿದ್ದರು. 2014ರಲ್ಲಿ ಬಯಲಾದ ‘ಪೂಡಲ್’ ದಾಳಿ ಇಂಥದ್ದೇ. 2020ರಲ್ಲಿ ದೊಡ್ಡ ಬ್ರೌಸರ್‌ಗಳು 1.0 ಮತ್ತು 1.1 ಎರಡನ್ನೂ ಕೈಬಿಟ್ಟವು. ತಂತಿಯಲ್ಲಿ ಇಳಿದರೆ ನಿಧಾನ ಆಗುತ್ತದೆ, ಅಷ್ಟೇ. ಬೀಗದಲ್ಲಿ ಇಳಿದರೆ ಮನೆಗೆ ಕನ್ನ.

ಎಕ್ಸ್‌ಪಿಗೇ ಹೇಗೋ ಹೊಸ ಬ್ರೌಸರ್ ಕಟ್ಟಿ ಓಡಿಸುವ ಉಪಾಯಗಳಿವೆ. ನನಗೆ ಮನಸ್ಸಾಗಲಿಲ್ಲ. 2014ರ ಏಪ್ರಿಲ್ 8ಕ್ಕೆ ಅದರ ಸುರಕ್ಷತೆಯ ದೋಷಗಳ ರಿಪೇರಿ ನಿಂತಿದೆ. ಅದರಲ್ಲಿ ಪೆನ್ಷನ್ ಅಕೌಂಟ್ ತೆರೆಯುವುದು ಬೇಡ. ಎಸ್‌.ಪಿ. ರೋಡಿನಿಂದ ಡಿಡಿಆರ್2 ರ‍್ಯಾಮ್ 2 ಜಿಬಿಯ ಎರಡು, ಹಾರ್ಡ್ ಡಿಸ್ಕ್ ಬದಲಿಗೆ ಒಂದು ಚಿಕ್ಕ ಎಸ್‌ಎಸ್‌ಡಿ ತಂದು ವಿಂಡೋಸ್ ಜಾಗಕ್ಕೆ ಲಿನಕ್ಸ್ ಮಿಂಟ್ ಅನ್ನುವ ಬೇರೆ ಕಾರ್ಯಾಚರಣಾ ವ್ಯವಸ್ಥೆ ಹಾಕಿದೆ. ಹಳೇ ಹಾರ್ಡ್ ಡಿಸ್ಕ್ ಎಕ್ಸ್‌ಪಿ ಸಮೇತ ಬಿಚ್ಚಿಟ್ಟೆ. ಪೇಪರ್ ಬಂತು, ಮೇಲ್ ಬಂತು. ಯೂಟ್ಯೂಬ್ ಮಾತ್ರ ದೊಡ್ಡ ಚಿತ್ರದಲ್ಲಿ ತಡವರಿಸುತ್ತದೆ. ಅದು ಇಂಟರ್ನೆಟ್ಟಿನ ತಪ್ಪಲ್ಲ. ಒತ್ತಿ ಮಡಚಿ ಬಂದ ವಿಡಿಯೋ ಬಿಡಿಸಲು ಹೊಸ ಯಂತ್ರಗಳಲ್ಲಿ ಬೇರೆ ಸರ್ಕ್ಯೂಟ್ ಇರುತ್ತದೆ, ಇಲ್ಲಿ ಪ್ರೊಸೆಸರೇ ಬಿಡಿಸಬೇಕು. ಚಿತ್ರದ ಗುಣಮಟ್ಟ 480ಕ್ಕೆ ಇಳಿಸಿದರೆ ಹಾಡು ಸಲೀಸು.

ಆಮೇಲೆ ದೊಡ್ಡಪ್ಪ ಪೆನ್‌ಡ್ರೈವ್‌ನಿಂದ ವಂಶವೃಕ್ಷದ ಫೈಲ್ ತೆರೆದರು. ‘ಕನ್ನಡ’ ಅಂತ ಬರೆದ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆಮೇಲೆ ಗೀಟಿರುವ ಎ, ಪೌಂಡ್ ಹಣದ ಗುರುತು. ಹಳೇ ನುಡಿ ಫಾಂಟು ಇಂಗ್ಲಿಷ್ ಅಕ್ಷರಗಳ ಮನೆಯಲ್ಲೇ ಕನ್ನಡದ ಚೂರುಗಳನ್ನು ಬಾಡಿಗೆಗೆ ಇಟ್ಟಿತ್ತು. ಫಾಂಟ್ ಇಲ್ಲದಿದ್ದರೆ ಮನೆ ಮಾಲೀಕರೇ ಕಾಣುತ್ತಾರೆ. ಎಲ್ಲವನ್ನೂ ಕನ್ನಡಕ್ಕೆ ಸ್ವಂತ ಮನೆ ಇರುವ ಯುನಿಕೋಡಿಗೆ ಬದಲಾಯಿಸಬೇಕು.

‘ಎಷ್ಟು ಫೈಲ್ ಇದೆ ದೊಡ್ಡಪ್ಪ?’ ಅಂದೆ.

‘ಜಾಸ್ತಿ ಏನಿಲ್ಲ ಕಣೋ, ಒಂದು ನಾನೂರು ಇರಬಹುದು. ಭಾನುವಾರ ಬೇಗ ಬಾ, ತಿಂಡಿ ಇಲ್ಲೇ’ ಅಂದರು.