ಡಾಕ್ಟ್ರೇ, ಮಾತ್ರೆ ತಗೊಂಡ್ರೆ ಬರವಣಿಗೆ ನಿಲ್ಲುತ್ತಾ?

ನಮ್ಮಂಥ ಮನೋವೈದ್ಯರ ಹತ್ತಿರ ಬರೆಯುವವರು, ಚಿತ್ರ ಬಿಡಿಸುವವರು, ಹಾಡುವವರು ಬಂದರೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಕಾಯಿಲೆಯ ಮಾತೆಲ್ಲ ಮುಗಿದು, ಔಷಧಿ ಚೀಟಿ ಮಡಚಿ ಜೇಬಿಗಿಟ್ಟು, ಬಾಗಿಲ ತನಕ ಹೋಗಿ ತಿರುಗುತ್ತಾರೆ. "ಡಾಕ್ಟ್ರೇ, ಇದನ್ನ ತಗೊಂಡ್ರೆ ನನ್ನ ಬರವಣಿಗೆ ನಿಂತುಹೋಗಲ್ಲ ತಾನೆ?"

ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಕೇಳದೇ ಮನೆಗೆ ಹೋಗಿ, ಎರಡೇ ವಾರಕ್ಕೆ ಮಾತ್ರೆ ತಾವೇ ನಿಲ್ಲಿಸಿ, ಕೆಲವು ತಿಂಗಳಾದ ಮೇಲೆ ಅಣ್ಣನೋ ಹೆಂಡತಿಯೋ ಕೈಹಿಡಿದು ಕರೆತಂದಾಗ ತಲೆ ತಗ್ಗಿಸಿ ಕೂರುತ್ತಾರಲ್ಲ, ಅವರನ್ನು ಕಂಡರೆ ಸಿಟ್ಟು ಬರುತ್ತದೆ. ಪಾಪ ಅಂತಲೂ ಅನಿಸುತ್ತದೆ. ಹೊತ್ತಿಗೆ ಸರಿಯಾಗಿ ಮಲಗಿ, ಓಡಾಡಿ, ಕುಡಿತ ಕಡಿಮೆ ಮಾಡಿ ಅನ್ನೋದೆಲ್ಲ ನಿಮಗೆ ಗೊತ್ತು. ಇವತ್ತು ಆ ಬಾಗಿಲ ಬಳಿಯ ಪ್ರಶ್ನೆಯೊಂದಕ್ಕೇ ಉತ್ತರ ಹೇಳಿ ಮುಗಿಸುತ್ತೇನೆ.

ನೋವಿದ್ದರೇ ಕಲೆ, ನೋವು ಹೋದರೆ ಕಲೆಯೂ ಹೋಯಿತು ಅನ್ನುವ ನಂಬಿಕೆಗೆ ಎಲ್ಲರೂ ಎಳೆದು ತರುವ ಸಾಕ್ಷಿ ಡಚ್ ಚಿತ್ರಕಾರ ವ್ಯಾನ್ ಗೋ. ಆಗಲಿ, ಅವರನ್ನೇ ನೋಡೋಣ. 1889ರ ಮೇ ತಿಂಗಳಲ್ಲಿ ಅವರು ಸ್ವಂತ ಇಚ್ಛೆಯಿಂದ ಫ್ರಾನ್ಸಿನ ಸೇಂಟ್ ರೆಮಿಯ ಮಾನಸಿಕ ಆಸ್ಪತ್ರೆಗೆ ಸೇರಿದರು. ಅಲ್ಲಿದ್ದ ಒಂದು ವರ್ಷದಲ್ಲಿ ಸುಮಾರು 150 ವರ್ಣಚಿತ್ರ ಮಾಡಿದರು. ಸುಳಿಸುಳಿ ಆಕಾಶದ ಆ ಹೆಸರಾಂತ ರಾತ್ರಿಯ ಚಿತ್ರ ಜೂನ್ ತಿಂಗಳಿನದು. ಜುಲೈನಲ್ಲಿ ಕಾಯಿಲೆ ಜೋರಾಗಿ ಮರುಕಳಿಸಿತು. ಆಮೇಲೆ ವಾರಗಟ್ಟಲೆ ಚಿತ್ರ ಮಾಡಲು ಆಗಲಿಲ್ಲ. ಅಂದರೆ ನಾವು ಕಣ್ಣರಳಿಸಿ ನೋಡುವ ಆ ಚಿತ್ರಗಳು ಬಹುಮಟ್ಟಿಗೆ ಕಾಯಿಲೆ ಬಿಡುವು ಕೊಟ್ಟಾಗ ಮಾಡಿದವು. ಈ ಅರ್ಧ ಕತೆಯನ್ನು ಯಾರೂ ಹೇಳುವುದಿಲ್ಲ, ಅಲ್ವಾ?

ಇನ್ನು ಬೈಪೋಲಾರ್, ಅಂದರೆ ಮನಸ್ಸು ಕೆಲವು ಕಾಲ ವಿಪರೀತ ಉತ್ಸಾಹದ ಏರಿಗೆ, ಕೆಲವು ಕಾಲ ಖಿನ್ನತೆಯ ಇಳಿತಕ್ಕೆ ಹೋಗುವ ಕಾಯಿಲೆ, ಇರುವವರ ವಾದ ಬೇರೆ. "ಖಿನ್ನತೆ ಬೇಡ ಡಾಕ್ಟ್ರೇ, ಆದರೆ ಆ ಏರು ದಿನಗಳು ಬೇಕು. ಆಗಲೇ ನಾನು ನಾನಾಗಿರೋದು." ಇದು ಸುಲಭಕ್ಕೆ ತಳ್ಳಿಹಾಕುವ ಮಾತಲ್ಲ. ಏರಿನಲ್ಲಿ ನಿದ್ದೆ ಬೇಡ, ದಣಿವಿಲ್ಲ, ಒಂದು ಯೋಚನೆಯ ಬೆನ್ನಿಗೆ ಹತ್ತು ಬರುತ್ತವೆ. ಕೆಲಸವೂ ನಿಜವಾಗಿ ಜಾಸ್ತಿ ಆಗುತ್ತದೆ. ಬೈಪೋಲಾರ್ ಇತ್ತು ಅಂತ ಹಲವರು ಊಹಿಸುವ ಜರ್ಮನ್ ಸಂಗೀತಗಾರ ಶೂಮನ್ 1840ರಲ್ಲಿ, ಒಂದೇ ವರ್ಷದಲ್ಲಿ, ನೂರಕ್ಕೂ ಹೆಚ್ಚು ಹಾಡುಗಳಿಗೆ ಸಂಗೀತ ಕಟ್ಟಿದರು. ಮನಶ್ಶಾಸ್ತ್ರಜ್ಞ ರಾಬರ್ಟ್ ವೈಸ್‌ಬರ್ಗ್ 1994ರಲ್ಲಿ ಶೂಮನ್‌ರ ಕೃತಿಗಳನ್ನು ವರ್ಷವಾರು ಲೆಕ್ಕ ಹಾಕಿದರು. ಏರಿನ ವರ್ಷಗಳಲ್ಲಿ ಕೃತಿಗಳ ಸಂಖ್ಯೆ ಹೆಚ್ಚಿತ್ತು, ಆದರೆ ಅವುಗಳಲ್ಲಿ ಒಳ್ಳೆಯವುಗಳ ಪಾಲು ಹೆಚ್ಚಿರಲಿಲ್ಲ. ಅದೇ ಶೂಮನ್ 1854ರಲ್ಲಿ ರೈನ್ ನದಿಗೆ ಹಾರಿದರು. ಬದುಕಿ ಉಳಿದರೂ 1856ರಲ್ಲಿ ಮಾನಸಿಕ ಆಸ್ಪತ್ರೆಯಲ್ಲೇ ತೀರಿಕೊಂಡರು.

ಜನ ತಪ್ಪು ತಿಳಿಯುವುದು ಇಲ್ಲೇ. ಅದಕ್ಕೇ ಎಳೆದು ಎಳೆದು ಹೇಳುತ್ತೇನೆ, ಬೇಜಾರಾಗಬೇಡಿ. 'ಅದ್ಭುತವಾಗಿ ಬರೆಯುತ್ತಿದ್ದೇನೆ' ಅನ್ನುವ ಅನುಭವ ಒಂದು. ಹಾಳೆಯ ಮೇಲೆ ಬಿದ್ದದ್ದು ಇನ್ನೊಂದು. ಏರಿನಲ್ಲಿ ಮೊದಲನೆಯದು ಆಕಾಶ ಮುಟ್ಟುತ್ತದೆ. ಯಾಕೆಂದರೆ ಬರೆಯುವ ವೇಗ ಹೆಚ್ಚುವಾಗಲೇ 'ಇದು ಸರಿಯಿಲ್ಲ, ಹೊಡೆದು ಹಾಕು' ಅನ್ನುವ ಒಳಗಿನ ವಿವೇಕ ಸಡಿಲವಾಗಿರುತ್ತದೆ. ಕುಡಿದವನಿಗೆ ತನ್ನ ಹಾಡು ಇಂಪಾಗಿ ಕೇಳುವ ಹಾಗೆ. ಔಷಧಿ ಶುರುವಾದಾಗ ಮೊದಲು ಇಳಿಯುವುದು ಈ ಅನುಭವ. ರೋಗಿ ಅದನ್ನೇ ಪ್ರತಿಭೆ ಹೋಯಿತು ಅಂದುಕೊಳ್ಳುತ್ತಾನೆ.

ಒಬ್ಬ ಕವಯಿತ್ರಿ, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ, ನಿದ್ದೆಯಿಲ್ಲದ ರಾತ್ರಿಗಳಲ್ಲಿ ತುಂಬಿಸಿದ ನೋಟ್‌ಬುಕ್ಕುಗಳನ್ನು ನನ್ನ ಮೇಜಿನ ಮೇಲೆ ಇಟ್ಟರು. "ಇದನ್ನ ಓದಿ, ಆಮೇಲೆ ನನಗೆ ಔಷಧಿ ಬೇಕಾ ಹೇಳಿ" ಅಂತ ಸವಾಲು. ನನಗೆ ಕವಿತೆ ಅಷ್ಟಾಗಿ ತಿಳಿಯದು. ಓದಲಿಲ್ಲ. ಮೂರು ತಿಂಗಳು ಮಾತ್ರೆ ತಗೊಂಡು ಆಮೇಲೆ ನೀವೇ ಓದಿ ಅಂದೆ. ಓದಿದರು. ಮುಕ್ಕಾಲು ಪಾಲು ಹರಿದು ಹಾಕಿದರಂತೆ. ಉಳಿದ ಕೆಲವು ಸಾಲುಗಳ ಮೇಲೆ ತಿಂಗಳುಗಟ್ಟಲೆ ಕೂತು ತಿದ್ದಿದರು. ಹರಿದು ಹಾಕುವಾಗ ಅತ್ತುಬಿಟ್ಟೆ ಅಂತಲೂ ಹೇಳಿದರು. ಆ ಅಳುವಿಗೆ ನನ್ನ ಹತ್ತಿರ ಮಾತ್ರೆ ಇರಲಿಲ್ಲ.

ಹಾಗಂತ ಔಷಧಿಯಿಂದ ಏನೂ ಆಗಲ್ಲ ಅಂತ ನಾನು ಬರೆದುಕೊಡಲಾರೆ. ಡೆನ್ಮಾರ್ಕಿನ ಮನೋವೈದ್ಯ ಮೊಗೆನ್ಸ್ ಶೌ 1979ರಲ್ಲಿ, ಬೈಪೋಲಾರ್‌ಗೆ ಕೊಡುವ ಲಿಥಿಯಂ ಔಷಧಿ ತೆಗೆದುಕೊಳ್ಳುತ್ತಿದ್ದ 24 ಕಲಾವಿದರನ್ನು ಕೇಳಿದ್ದರು. 12 ಮಂದಿ ಕೆಲಸ ಹೆಚ್ಚಾಯಿತು ಅಂದರು, 6 ಮಂದಿ ವ್ಯತ್ಯಾಸವಿಲ್ಲ ಅಂದರು, 6 ಮಂದಿ ಕಡಿಮೆಯಾಯಿತು ಅಂದರು. ಚಿಕ್ಕ ಅಧ್ಯಯನ, ಹಳೆಯದು, ಅದರ ಮೇಲೆ ಜಾಸ್ತಿ ಭಾರ ಹಾಕಬಾರದು. ಆದರೆ ಆ ಕೊನೆಯ ಆರು ಮಂದಿ ಸುಳ್ಳು ಹೇಳಿರಲಿಕ್ಕಿಲ್ಲ. ಖಿನ್ನತೆಯ ಕೆಲವು ಮಾತ್ರೆಗಳಲ್ಲೂ "ಅಳುವೂ ಬರಲ್ಲ, ಖುಷಿಯೂ ಆಗಲ್ಲ, ಎಲ್ಲ ಮಂಕು" ಅನ್ನುವವರಿದ್ದಾರೆ. ಅದು ಗೊತ್ತಿರುವ ಅಡ್ಡಪರಿಣಾಮ. ಕೆಲವೊಮ್ಮೆ ಪೂರ್ತಿ ಇಳಿಯದ ಖಿನ್ನತೆಯೂ ಹಾಗೇ ಕಾಣುತ್ತದೆ. ಯಾವುದು ಅಂತ ನೋಡಿ ಡೋಸ್ ಇಳಿಸಬಹುದು, ಔಷಧಿ ಬದಲಿಸಬಹುದು. ಆದರೆ ನೀವು ಬಂದು ಹೇಳಬೇಕು. ಸುಮ್ನೆ ಬಿಟ್ಟುಬಿಟ್ಟರೆ ನಾನೇನು ಮಾಡಲಿ?

ಬಿಡುವ ಹೊತ್ತೂ ಎಂಥದ್ದು ನೋಡಿ. ಖಿನ್ನತೆಯ ಮಾತ್ರೆಯ ಅಡ್ಡಪರಿಣಾಮ ಮೊದಲ ದಿನಗಳಲ್ಲೇ ಬರುತ್ತದೆ. ಗುಣ ಕಾಣಲು ನಾಲ್ಕರಿಂದ ಆರು ವಾರ ಬೇಕಾಗಬಹುದು. ಎರಡನೇ ವಾರಕ್ಕೆ ನಿಲ್ಲಿಸಿದವರು ಕಷ್ಟ ಮಾತ್ರ ಉಂಡು ಎದ್ದಿರುತ್ತಾರೆ. ಮಂಪರು ತರುವ ಔಷಧಿ ನಿಲ್ಲಿಸಿದರೆ ಮೋಸ ಇನ್ನೊಂದು ಥರ. ಕೆಲವು ದಿನದಲ್ಲಿ ಮಂಪರು ಹೋಗುತ್ತದೆ, ತಲೆ ಚುರುಕಾಗುತ್ತದೆ, ಕಾಯಿಲೆ ಇನ್ನೂ ಮರಳಿರುವುದಿಲ್ಲ. "ನೋಡಿ, ಬಿಟ್ಟ ಮೇಲೆಯೇ ಚೆನ್ನಾಗಿದ್ದೇನೆ!" ಅಂತ ಫೋನ್ ಬರುವುದು ಆಗಲೇ. ಲಿಥಿಯಂ ಅಂತೂ ಒಮ್ಮೆಗೇ ನಿಲ್ಲಿಸಲೇಬಾರದು. ಹಾಗೆ ಮಾಡಿದರೆ ಉನ್ಮಾದ, ಅಂದರೆ ಆ ಏರು ಮಿತಿಮೀರಿದ ಸ್ಥಿತಿ, ಬೇಗ ಮರುಕಳಿಸುವ ಅಪಾಯವಿದೆ. ಸಾಯುವ ಯೋಚನೆ ಬಂದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ.

ಕಸುಬು ಏನು ಅಂತ ಮೊದಲ ದಿನವೇ ಹೇಳಿಬಿಡಿ. 'ಸಣ್ಣಪುಟ್ಟ ಬರೀತೀನಿ' ಅಂತ ಸಂಕೋಚ ಬೇಡ. ಲಿಥಿಯಂನಿಂದ ಕೆಲವರಿಗೆ ಸಣ್ಣಗೆ ಕೈ ನಡುಗುತ್ತದೆ. ಗುಮಾಸ್ತನಿಗೆ ಅದು ಕಿರಿಕಿರಿ, ವಯಲಿನ್ ನುಡಿಸುವವನಿಗೆ ಹೊಟ್ಟೆಪಾಡಿನ ಪ್ರಶ್ನೆ. ಗೊತ್ತಿದ್ದರೆ ರಕ್ತದಲ್ಲಿ ಲಿಥಿಯಂ ಎಷ್ಟಿದೆ ನೋಡಿ ಡೋಸ್ ಇಳಿಸಬಹುದೇ, ನಡುಕಕ್ಕೆ ಬೇರೆ ಮಾತ್ರೆ ಕೊಡಬಹುದೇ, ಲಿಥಿಯಂ ಬದಲು ಬೇರೆಯದು ಆಗುತ್ತದೆಯೇ ಅಂತ ಯೋಚಿಸುತ್ತೇವೆ. ಮುಂದಿನ ಸಲ ಬರುವಾಗ ಎಷ್ಟು ಹೊತ್ತು ಮಲಗಿದಿರಿ, ಎಷ್ಟು ಹೊತ್ತು ಕೆಲಸಕ್ಕೆ ಕೂತಿರಿ, ಅದರಲ್ಲಿ ಎಷ್ಟನ್ನು ಉಳಿಸಿಕೊಂಡಿರಿ ಅಂತ ದಿನಕ್ಕೊಂದು ಸಾಲು ಬರೆದು ತನ್ನಿ. ಕವಿಗಳು ಇದನ್ನೂ ಪುಟಗಟ್ಟಲೆ ಬರೆದು ತರುತ್ತಾರೆ. ಒಂದು ಸಾಲು ಸಾಕು.